ಜಬೀನಾ ಟೀಚರ್ ಹುಡುಕಿದ ಆಧಾರ

ಜಬೀನಾ ಸೇಡಂ ತಾಲ್ಲೂಕಿನ ಮುಧೋಳದಾಚೆ, ತೆಲಂಗಾಣದ ಗಡಿಗೆ ಅಂಟಿಕೊಂಡ ಊರೊಂದರಲ್ಲಿ ಒಂದನೆಯ ತರಗತಿಯ ಶಿಕ್ಷಕಿ. ಮನೆಯಲ್ಲಿ ದಖನಿ ಉರ್ದು ಆಡಿ ಬೆಳೆದವಳು. ಚಿಕ್ಕಂದಿನಲ್ಲಿ ಕನ್ನಡ ಶಾಲೆಗೆ ಸೇರಿದಾಗ ವರ್ಷವಿಡೀ ಬಾಯಿ ಬಿಟ್ಟಿರಲಿಲ್ಲ. ಅದಕ್ಕೇ ತೆಲುಗು ಮನೆಮಾತಿನ ಮಕ್ಕಳಿಗೆ ಪಾಠವನ್ನು ಮೊದಲು ತೆಲುಗಿನಲ್ಲಿ ಹೇಳಿ, ಆಮೇಲೆ ಕನ್ನಡಕ್ಕೆ ತರುತ್ತಿದ್ದಳು. ಮಕ್ಕಳು ಎರಡೂ ಭಾಷೆಯಲ್ಲಿ ಜಗಳವಾಡುವಷ್ಟು ಕಲಿತಿದ್ದರು.

ತಪಾಸಣೆಗೆ ಬಂದ ಅಧಿಕಾರಿಗೆ ಇದು ಹಿಡಿಸಲಿಲ್ಲ.

"ಕನ್ನಡ ಸಾಲ್ಯಾಗ ತೆಲುಗು ಯಾಕ ಹೇಳಾಕತ್ತೀರಿ? ಹಿಂಗ ಕಲಿಸಿದ್ರ ಚಲೋ ಅಂತ ಯಾರರ ಸಂಶೋಧನಾ ಮಾಡಿದ್ರ ತಂದು ತೋರಸ್ರಿ."

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಅವಳು ಸೇಡಂ ಬಸ್ಸು ಹತ್ತತೊಡಗಿದಳು. ಅಲ್ಲಿನ ಕಾಲೇಜಿನ ಗ್ರಂಥಪಾಲಕ ಕಾಶೀನಾಥ ಕಂಪ್ಯೂಟರ್ ತೆರೆದುಕೊಟ್ಟು, ಹುಡುಕಲು ಮೂರು ಜಾಲತಾಣ ತೋರಿಸಿದ. ಯಾವುದರಲ್ಲಿ ಎಷ್ಟು ಸಿಕ್ಕಿತು, ಎಷ್ಟನ್ನು ಓದಲಾಯಿತು ಎಂದು ಜಬೀನಾ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಮೊದಲನೆಯದು ವಿದೇಶದ ಶಿಕ್ಷಣ ಲೇಖನಗಳ ಸೂಚಿ. ದ್ವಿಭಾಷಾ ಶಿಕ್ಷಣ ಎಂದೊಡನೆ ಸಾವಿರಾರು ಬಂದವು, ಹೆಚ್ಚಿನವು ಅಮೆರಿಕದ ಸ್ಪ್ಯಾನಿಷ್ ಮನೆಮಾತಿನ ಮಕ್ಕಳ ಮೇಲೆ. ಎರಡನೆಯದರಲ್ಲಿ ಶೀರ್ಷಿಕೆಗಳು ಇನ್ನೂ ಹತ್ತಿರದವು, ಆದರೆ ತೆರೆಯಹೋದರೆ ದುಡ್ಡು ಕೇಳುತ್ತಿತ್ತು. ಮೂರನೆಯದು ನಮ್ಮ ದೇಶದ ಪಿಎಚ್.ಡಿ. ಪ್ರಬಂಧಗಳ ಭಂಡಾರ, ಪುಕ್ಕಟೆ. ಅಲ್ಲಿ ಮನೆಮಾತು ಎಂದು ಹುಡುಕಿದಾಗ ಒಡಿಶಾದ ಬುಡಕಟ್ಟು ಮಕ್ಕಳ ಎರಡು ಅಧ್ಯಯನ ಸಿಕ್ಕವು. ಅವನ್ನೇ ಮುದ್ರಿಸಿ ಒಯ್ದಳು.

"ಇವು ಒಡಿಶಾದ್ವು. ನಮ್ಮ ಕಡೀವು ಎಲ್ಲಿ ಅದಾವ?" ಎಂದ ಅಧಿಕಾರಿ. ವಾರದಲ್ಲೇ, ಕನ್ನಡ ಬಿಟ್ಟು ಬೇರೆ ಭಾಷೆ ಬಳಸಕೂಡದೆಂಬ ಆದೇಶ ಬಂತು.

"ನಮ್ಮ ಕಡೀವು ಇಲ್ಲಂದ್ರ ನೀವ ಬರೀರಿ, ಮೇಡಂ," ಎಂದ ಕಾಶೀನಾಥ.

ಬೇಸಿಗೆ ರಜೆ ಶುರುವಾಗುತ್ತಲೇ ಕೂತು ತನ್ನ ತರಗತಿಯ ಬಗ್ಗೆ ಹದಿನಾಲ್ಕು ಪುಟ ಬರೆದು ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದಳು. ಈ ವಿಷಯದ ಹಿಂದಿನ ಅಧ್ಯಯನಗಳ ಉಲ್ಲೇಖವಿಲ್ಲವೆಂದು ಅದು ಮರಳಿ ಬಂತು.

"ಇರಲಾರದ್ದನ್ನ ಎಲ್ಲಿಂದ ತರಬೇಕ್ರಿ?" ಎಂದ ಕಾಶೀನಾಥ. ಜಬೀನಾ ಕಾಗದ ಮಡಿಚಿಟ್ಟುಕೊಂಡಳು. ಮತ್ತೆ ಸೇಡಂಗೆ ಹೋಗಲಿಲ್ಲ.

ಜೂನಿನಲ್ಲಿ ಹೊಸ ಮಕ್ಕಳು ಬಂದರು. ಒಂದು ದಿನ ಪುಟ್ಟ ಹುಡುಗಿಯೊಬ್ಬಳು ಮೇಜಿನ ಬಳಿ ಬಂದು, "ಟೀಚರ್, ಕಡುಪು ನೊಪ್ಪಿ," ಎಂದಳು. ಹೊಟ್ಟೆನೋವೆಂದು ಜಬೀನಾಗೆ ತಿಳಿಯಿತು. ಆದರೆ ಬಾಗಿಲಲ್ಲಿ ಮುಖ್ಯೋಪಾಧ್ಯಾಯರು ನಿಂತಿದ್ದರು.

"ಕನ್ನಡದಾಗ ಹೇಳವಾ," ಎಂದುಬಿಟ್ಟಳು.

ಹುಡುಗಿ ಅವಳ ಮುಖವನ್ನೇ ನೋಡಿದಳು. ಹೊಟ್ಟೆ ಹಿಡಿದುಕೊಂಡೇ ಹೋಗಿ ಕೂತಳು. ಮುಖ್ಯೋಪಾಧ್ಯಾಯರು ಅತ್ತ ಹೋದಮೇಲೆ ಜಬೀನಾ ಪಕ್ಕದಲ್ಲಿ ಕೂತು ತೆಲುಗಿನಲ್ಲೇ ಮೆಲ್ಲಗೆ ಕೇಳಿದಳು. ಹುಡುಗಿ ತಲೆ ಎತ್ತಲಿಲ್ಲ. ಆ ವರ್ಷವಿಡೀ ಅವಳು ಯಾವ ಭಾಷೆಯಲ್ಲೂ ಟೀಚರಿಗೆ ಏನನ್ನೂ ಹೇಳಲಿಲ್ಲ.