ಗಡಿಗೆಯ ಕೆಳಗಿನ ರಿಂಗು

ಮೊನ್ನೆ ನಮ್ಮ ಅಡುಗೆಮನೆಯ ಮೂಲೆಯಲ್ಲಿದ್ದ ಕುಡಿಯುವ ನೀರಿನ ಗಡಿಗೆ ಬಿರುಕು ಬಿಟ್ಟಿತು. ಜೇವರ್ಗಿಯ ಬೇಸಿಗೆಯಲ್ಲಿ ಗಡಿಗೆಗಳಿಗೂ ಆಯುಷ್ಯ ಕಡಿಮೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಎಷ್ಟು ಗಡಿಗೆ ಬಂದುಹೋದವೋ ನೆನಪಿಲ್ಲ. ಬದಲಾಗದೆ ಉಳಿದದ್ದು ಅವುಗಳ ಕೆಳಗಿನ ಸಿಂಬಿ ಒಂದೇ. ಗಡಿಗೆ ಉರುಳದಂತೆ ಬುಡಕ್ಕೆ ಇಡುವ ಸಿಂಬಿ ಬೇರೆಯವರ ಮನೆಯಲ್ಲಿ ಹಳೆ ಸೀರೆಯದೋ ಹುಲ್ಲಿನದೋ ಇರುತ್ತದೆ. ನಮ್ಮದು ರಬ್ಬರಿನದು.

ನೆಲ ಒರೆಸಲೆಂದು ಅದನ್ನು ಕೈಗೆತ್ತಿಕೊಂಡೆ. ಮೈತುಂಬ ಸುಣ್ಣದ ಬಿಳಿ ಪೊರೆ. ಭಾರ ಹೊತ್ತೂ ಹೊತ್ತೂ ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಸೆರಗಿನಿಂದ ಉಜ್ಜಿದೆ. ಒಳಗಿನ ನೀಲಿ ಬಣ್ಣ ಕಂಡಿತು. ಅಷ್ಟಕ್ಕೇ ಬಿಡಬಹುದಿತ್ತು; ಸುಮ್ಮನಿರದೆ ಮೂಗಿನ ಹತ್ತಿರ ಹಿಡಿದೆ. ರಬ್ಬರು, ಒದ್ದೆ ಮಣ್ಣು, ಅವುಗಳ ಅಡಿಯಲ್ಲೆಲ್ಲೋ ಎರಡು ಹುಡುಗಿಯರ ಬೆವರು. ಕೊನೆಯದು ನನ್ನ ಕಲ್ಪನೆಯೇ ಇರಬೇಕು. ಇಪ್ಪತ್ತೇಳು ವರ್ಷ ನೀರಿನಲ್ಲಿ ನೆಂದದ್ದರಲ್ಲಿ ಬೆವರು ಎಲ್ಲಿ ಉಳಿದೀತು?

ಅದು ಟೆನ್ನಿಕಾಯ್ಟ್ ಆಡುವ ರಿಂಗು. ಈ ಆಟ ನೋಡದವರಿಗೆ ಹೇಳುತ್ತೇನೆ: ನಡುವೆ ಒಂದು ಬಲೆ, ಆ ಕಡೆ ಇಬ್ಬರು, ಈ ಕಡೆ ಇಬ್ಬರು. ಬಲೆಯ ಮೇಲಿಂದ ಬರುವ ರಿಂಗನ್ನು ನೆಲಕ್ಕೆ ಬೀಳುವ ಮೊದಲೇ ಒಂದು ಕೈಯಲ್ಲಿ ಹಿಡಿಯಬೇಕು, ಹಿಡಿದ ಕೂಡಲೇ ಎಸೆಯಬೇಕು. ಹಿಡಿದುಕೊಂಡು ನಿಂತರೆ ಫೌಲ್. ಆಳಂದದ ನಮ್ಮ ಕಾನ್ವೆಂಟಿನಲ್ಲಿ ಆಟ ಕಲಿಸುತ್ತಿದ್ದ ಸಿಸ್ಟರ್ ಕೇರಳದವರು. ಬಿಳಿ ನಿಲುವಂಗಿಯ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬಾಯಲ್ಲಿ ಸೀಟಿ ಇಟ್ಟುಕೊಂಡೇ ಓಡುತ್ತಿದ್ದರು. ಪುಸ್ತಕದಿಂದ ಕಲಿತ ಅವರ ಕನ್ನಡ ಹೆಚ್ಚಾಗಿ ನನ್ನ ಮೇಲೆಯೇ ಖರ್ಚಾಗುತ್ತಿತ್ತು: "ಹಿಡಿದು ಯೋಚನೆ ಮಾಡಬೇಡ! ಬಿಡು!"

ನನ್ನ ದೋಷ ಅದೇ. ಚೆನ್ನಾಗಿ ಹಿಡಿಯುತ್ತಿದ್ದೆ, ಬಿಡಲು ತಡಮಾಡುತ್ತಿದ್ದೆ. ಎಲ್ಲಿ ಎಸೆಯಲಿ, ಎಸೆದರೆ ಹೊರಗೆ ಬಿದ್ದೀತೇ ಎಂದು ಲೆಕ್ಕ ಹಾಕುವಷ್ಟರಲ್ಲಿ ಸಿಸ್ಟರ್ ಸೀಟಿ ಊದಿಬಿಡುತ್ತಿದ್ದರು. ಪಕ್ಕದಲ್ಲಿ ನಿಂತ ನಸೀಮಾ ಸೊಂಟದ ಮೇಲೆ ಕೈಯಿಟ್ಟು ಬೈಯುತ್ತಿದ್ದಳು: "ಕೂಸಿನಂಗ ಹಿಡ್ಕೊಂಡು ನಿಂತೀಯಲ್ಲ ಬೇ! ಹಾಲು ಕುಡಸ್ತೀಯೇನು ಅದಕ್ಕ? ಒಗಿ!"

ನಸೀಮಾ ನನ್ನ ಜೋಡಿಯ ಆಟಗಾರ್ತಿ. ಅವಳ ಅಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿ ಮಾಡುತ್ತಿದ್ದರು. ತೆಳ್ಳಗೆ, ಉದ್ದಕ್ಕೆ ಇದ್ದ ಅವಳು ಎಡಗೈಯವಳು; ಎದುರಿನವರಿಗೆ ರಿಂಗು ಯಾವ ಮಗ್ಗುಲಿಗೆ ಬರುತ್ತದೆಂಬುದೇ ತಿಳಿಯುತ್ತಿರಲಿಲ್ಲ. ನನ್ನ ಸಾಕ್ಸ್ ಸದಾ ಜಾರುತ್ತಿದ್ದವು. ಅವಳು ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಎರಡು ಸಣ್ಣ ಪಟ್ಟಿ ತಂದು ನನ್ನ ಕಾಲಿಗೆ ತೊಡಿಸಿದ್ದಳು. ಸಂಜೆ ಬಿಚ್ಚಿದರೆ ಮೀನಖಂಡದ ಮೇಲೆ ಕೆಂಪು ಗೆರೆ. ಆ ಗೆರೆ ಮಾಯವಾಗುವುದರೊಳಗೆ ಮತ್ತೆ ಬೆಳಗಾಗುತ್ತಿತ್ತು.

ಹತ್ತನೆಯ ತರಗತಿ ಮುಗಿಸಿ ಹೊರಡುವಾಗ ಸಿಸ್ಟರ್ ನಮ್ಮಿಬ್ಬರಿಗೂ ಸೇರಿಸಿ ಒಂದು ನೀಲಿ ರಿಂಗು ಕೊಟ್ಟರು. ಇಬ್ಬರು, ರಿಂಗು ಒಂದು. ನಸೀಮಾಳೇ ತೀರ್ಮಾನ ಕೊಟ್ಟಳು: ಒಂದು ವಾರ ನನ್ನ ಪಾಳಿ, ಒಂದು ವಾರ ಅವಳದು, ಶುಕ್ರವಾರ ಕೈಬದಲು. ಪಿಯುಸಿಯ ಎರಡು ವರ್ಷವೂ ಅವಳ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನೇ ಬಲೆ ಮಾಡಿಕೊಂಡು ಆಡಿದೆವು. ಹಗ್ಗದ ಮೇಲಿದ್ದ ಅವಳ ಅಬ್ಬಾನ ಅಂಗಿಗೆ ತಾಗಿದರೆ ಪಾಯಿಂಟಿಲ್ಲ, ತೋಳಿನೊಳಗೆ ಸಿಕ್ಕಿಕೊಂಡರೆ ಎರಡು ಪಾಯಿಂಟು. ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ಮೈಗೆ ಒಳ್ಳೆಯದೆಂದು ನಾವು ಆಡಲಿಲ್ಲ. ಮೈ ಇದೆಯೆಂಬುದೇ ಆಗ ನೆನಪಿರುತ್ತಿರಲಿಲ್ಲ.

ಈಗ ಮೈ ಬಿಟ್ಟು ಬೇರೇನೂ ನೆನಪಾಗುವುದಿಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ಸಕ್ಕರೆ ಕಾಯಿಲೆ ಗೊತ್ತಾಯಿತು. ದಿನಕ್ಕೆ ಅರ್ಧ ತಾಸು ವ್ಯಾಯಾಮ ಬೇಕೆಂದು ಡಾಕ್ಟರು ಹೇಳಿದಾಗ ನಮ್ಮ ಯಜಮಾನರು ನನ್ನ ಪರವಾಗಿ ವಾದಿಸಿದರು: "ಮುಂಜಾನಿಂದ ಸಂಜಿತನಕ ಮನಿ ತುಂಬ ತಿರಗ್ತಾಳ್ರಿ. ಅದು ವ್ಯಾಯಾಮ ಅಲ್ಲೇನ್ರಿ?"

"ಅದು ದಣಿವ್ರಿ. ನಾ ಹೇಳಾಕತ್ತಿದ್ದು ಬ್ಯಾರೆ. ಮೈ ಬೆವರಬೇಕು, ಮನಸು ಹಗುರಾಗಬೇಕು."

ಸ್ಪೋರ್ಟ್ಸ್ ಶೂ ಬಂತು. ಸೀರೆಯ ಕೆಳಗೆ ಅದನ್ನು ತೊಟ್ಟು ರಸ್ತೆಗಿಳಿದೆ. ಮೊದಲ ದಿನವೇ ಎದುರುಮನೆಯವರು ಕೇಳಿದರು, "ಯಾಕ್ರಿ ವೈನಿ, ಬಸ್ ತಪ್ಪಾಕತ್ತದೇನು?" ಎರಡನೆಯ ದಿನ ಪರಿಚಯದ ಹುಡುಗಿಯೊಬ್ಬಳು ಸ್ಕೂಟಿ ನಿಲ್ಲಿಸಿ, "ಕುಂಡ್ರಿ ಕಾಕು, ಮನಿತನಕ ಬಿಡ್ತೇನಿ" ಎಂದಳು. ಬೇಡವೆನ್ನಲು ನಾಚಿಕೆಯಾಗಿ ಕುಳಿತೇಬಿಟ್ಟೆ. ಐದನೆಯ ದಿನ ಶೂ ಡಬ್ಬಿ ಸೇರಿತು. ಹೀಗೆ ನನ್ನ ವ್ಯಾಯಾಮ ಮುಗಿದಿತ್ತು, ಗಡಿಗೆ ಒಡೆಯುವವರೆಗೆ.

ಆದರೆ ನಿಮಗೆ ಹೇಳಬೇಕಾದದ್ದನ್ನು ಇನ್ನೂ ಹೇಳಿಲ್ಲ. ಆ ರಿಂಗು ನನ್ನ ಹತ್ತಿರ ಇರಬೇಕಾದದ್ದೇ ಅಲ್ಲ.

ನನ್ನ ಮದುವೆ ಪಿಯುಸಿ ಮುಗಿದ ವರ್ಷವೇ ಆಯಿತು. ಆ ಗಡಿಬಿಡಿಯಲ್ಲಿ ಶುಕ್ರವಾರ ಬಂದು ಹೋಯಿತು. ರಿಂಗು ನನ್ನಲ್ಲೇ ಇತ್ತು. ಭಾನುವಾರ ಮದುವೆ. ಮುಂಜಾನೆ ನನಗೆ ಹೂ ಮುಡಿಸುತ್ತ ನಸೀಮಾ ಮೆಲ್ಲಗೆ ಕೇಳಿದಳು, "ರಿಂಗ್ ಎಲ್ಲದ ಬೇ? ಶುಕ್ರವಾರದಿಂದ ನನ್ನ ಪಾಳಿ."

ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇತ್ತು. ಗೊತ್ತಿದ್ದೂ ಹೇಳಿದೆ: "ಕಳದು ಹೋಗ್ಯದ."

ಅವಳ ಕೈ ನನ್ನ ತಲೆಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಪಿನ್ನು ಚುಚ್ಚಿ, "ಹೋಗ್ಲಿ ಬಿಡು" ಎಂದಳು.

ಯಾಕೆ ಸುಳ್ಳಾಡಿದೆನೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಆಳಂದದಲ್ಲಿ ಎಲ್ಲವನ್ನೂ ಬಿಟ್ಟು ಹೊರಟಿದ್ದೆ, ಒಂದನ್ನಾದರೂ ಒಯ್ಯಬೇಕೆನಿಸಿತ್ತು. ಜೇವರ್ಗಿಗೆ ಬಂದ ವಾರದಲ್ಲೇ ಅತ್ತೆಯವರು ಅದನ್ನು ಟ್ರಂಕಿನಲ್ಲಿ ಕಂಡರು. "ಇದೇನು ಬೇ?" ಎಂದರು. "ಆಡೂದ್ರಿ ಅತ್ತಿ" ಎಂದೆ. ಒತ್ತಿ ನೋಡಿದರು, ತಿರುಗಿಸಿ ನೋಡಿದರು. "ಚೊಲೋ ಅದ. ನೀರಾಗ ಕೊಳ್ಯಂಗಿಲ್ಲ" ಎಂದು ಮೆಚ್ಚಿ ಗಡಿಗೆಯ ಬುಡಕ್ಕೆ ಇಟ್ಟರು. ಅವರ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಕೇಳಿದ್ದರೆ ಕೊಟ್ಟೇಬಿಡುತ್ತಿದ್ದರು. ಕದ್ದು ತಂದದ್ದನ್ನು ನನ್ನದು ಎನ್ನಲು ನನಗೇ ಬಾಯಿ ಬರಲಿಲ್ಲ. ಅತ್ತೆಯವರು ತೀರಿಕೊಂಡು ಒಂಬತ್ತು ವರ್ಷವಾದರೂ ಗಡಿಗೆ ಅದರ ಮೇಲೆಯೇ ಕುಳಿತಿತ್ತು. ತವರಿಗೆ ಹೋದಾಗಲೆಲ್ಲ ನಸೀಮಾಳ ಓಣಿ ತಪ್ಪಿಸಿ, ಸುತ್ತು ಹಾಕಿ ನಡೆದೆ. ಈ ಇಪ್ಪತ್ತೇಳು ವರ್ಷದಲ್ಲಿ ನಾನು ಮಾಡಿದ ನಿಜವಾದ ನಡಿಗೆ ಅದೊಂದೇ ಇರಬೇಕು.

ಕಾನ್ವೆಂಟಿನ ಹಳೆಯ ಹುಡುಗಿಯರ ವಾಟ್ಸಾಪ್ ಗುಂಪಿನಲ್ಲಿ ಅವಳ ನಂಬರಿತ್ತು. ಗಡಿಗೆ ಒಡೆದ ದಿನ ಮಧ್ಯಾಹ್ನ, ಕೈ ಒರೆಸಿಕೊಂಡು ಫೋನು ಮಾಡಿದೆ. ಹೆಸರು ಹೇಳಿದೆ. ಆಚೆಯಿಂದ ಕುಕ್ಕರಿನ ಸೀಟಿ ಕೇಳಿತು, ಆಮೇಲೆ ಅವಳ ದನಿ.

"ಯಾರು, ಹಾಲು ಕುಡಸಾಕಿ ಏನು?"

ನಗಬೇಕೆಂದುಕೊಂಡೆ, ನಗಲಿಲ್ಲ. "ನಸೀಮಾ, ಆ ರಿಂಗ್ ಕಳದಿದ್ದಿಲ್ಲ" ಎಂದೆ.

"ಗೊತ್ತದ ಬೇ. ನಿನ್ನ ಟ್ರಂಕಿನ್ಯಾಗ ಸೀರಿ ಮಡಚಿ ಇಟ್ಟಾಕಿ ಯಾರು? ನಾನೇ."

"ಮತ್ತ ಯಾಕ ಸುಮ್ಮನಾದಿ?"

"ಊರು ಬಿಟ್ಟು ಹೋಗಾಕಿ ಕೈಯಾಗಿಂದ ಕಸಗೊಳ್ಳಲೇನು? ಒಯ್ಯಲಿ, ಅಲ್ಲಿ ಆಡ್ತಾಳ ಅಂದ್ಕೊಂಡೆ. ಅಬ್ಬಾ ನನಗ ಟ್ಯೂಬಿಂದು ಒಂದು ಮಾಡಿಕೊಟ್ರು. ಹಿತ್ತಲ ಗ್ವಾಡಿಗಿ ಒಗದು ಅದರ ಜೋಡಿ ಆಡ್ತಿದ್ದೆ. ಗ್ವಾಡಿ ನಿನಗಿಂತ ಚೊಲೋ, ಹಿಡ್ಕೊಂಡು ನಿಂದ್ರಂಗಿಲ್ಲ." ತಾನೇ ನಕ್ಕಳು. ಆಮೇಲೆ ಕೇಳಿದಳು, "ನೀ ಅಲ್ಲಿ ಯಾರ ಜೋಡಿ ಆಡಿದಿ?"

ಎರಡನೆಯ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನಾದಿನಿಯ ಜೋಡಿ, ಮಕ್ಕಳ ಜೋಡಿ ಎನ್ನಬಹುದಿತ್ತು.

"ಯಾರ ಜೋಡಿನೂ ಇಲ್ಲ. ಒಂದಿನಾನೂ ಇಲ್ಲ. ನೀರಿನ ಗಡಿಗಿ ಬುಡಕ ಇತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸಣ್ಣ ದನಿಯಲ್ಲಿ, "ಫೌಲ್" ಎಂದಳು.

"ಹೌದು" ಎಂದೆ.

"ಸರ್ವಿಸ್ ನಂದು. ಶುಕ್ರವಾರ ತಗೊಂಡು ಬಾ."

"ಆಡ್ತೀಯೇನು ಈಗ?"

"ಮೊಣಕಾಲು ನನ್ನ ಮಾತು ಕೇಳಂಗಿಲ್ಲ. ಎಡಗೈ ಕೇಳ್ತದ. ನಿಂತಲ್ಲೇ ನಿಂತು ಒಗಿತೇನಿ, ನೀ ಓಡು. ಸಕ್ಕರಿ ಇದ್ದಾಕಿ ನೀನೇ ಅಲ್ಲ?"

ಸಕ್ಕರೆಯ ಮಾತು ನಾನು ಹೇಳಿರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದಿದ್ದರಂತೆ. ಅವಳು ಓದಿ, ಏನೂ ಬರೆಯದೆ ಸುಮ್ಮನಿದ್ದಳು.

ಇವತ್ತು ಬುಧವಾರ. ಹೊಸ ಗಡಿಗೆ ಬಂದಿದೆ. ಹಳೆಯ ಸೀರೆ ಸುತ್ತಿ ಸಿಂಬಿ ಮಾಡಿ ಕೂಡಿಸಿದ್ದೇನೆ. ಬಿಸಿಲು ಇಳಿದ ಮೇಲೆ ಡಬ್ಬಿಯಿಂದ ಶೂ ತೆಗೆದು ತೊಟ್ಟು, ರಿಂಗು ಹಿಡಿದು ಮಾಳಿಗೆಗೆ ಹೋದೆ. ಯಜಮಾನರ ಅಂಗಿಗಳು ಹಗ್ಗದ ಮೇಲೆ ಒಣಗುತ್ತಿದ್ದವು. ಅವುಗಳ ಮೇಲಿಂದ ರಿಂಗು ಎಸೆದೆ. ಆ ಕಡೆ ಹಿಡಿಯಲು ಯಾರೂ ಇಲ್ಲ. ಸಿಮೆಂಟಿನ ಮೇಲೆ ಬಿದ್ದು, ಚಪ್ಪಟೆ ಮಗ್ಗುಲಿನಿಂದಾಗಿ ಕುಂಟುತ್ತ ಕುಂಟುತ್ತ ನೀರಿನ ಟ್ಯಾಂಕಿನವರೆಗೆ ಉರುಳಿತು. ಹಗ್ಗದ ಕೆಳಗೆ ತಲೆ ಬಗ್ಗಿಸಿ ಓಡಿದೆ, ಎತ್ತಿಕೊಂಡೆ, ಅಲ್ಲಿಂದ ಈ ಕಡೆಗೆ ಎಸೆದೆ. ಮತ್ತೆ ಓಡಿದೆ. ಏದುಸಿರು ಬಂತು. ಕುತ್ತಿಗೆಯಿಂದ ಬೆವರು ಇಳಿಯಿತು. ಒಂದು ಸಲ ನಿಂತು, ರಿಂಗನ್ನು ಎದೆಗೆ ಹಿಡಿದುಕೊಂಡೇ ದಮ್ಮು ತೆಗೆದುಕೊಳ್ಳುತ್ತಿದ್ದೇನೆಂದು ಗಮನಕ್ಕೆ ಬಂದು, ಥಟ್ಟನೆ ಎಸೆದುಬಿಟ್ಟೆ.

ಅಂಗಿಯ ತೋಳಿನಲ್ಲಿ ಸಿಕ್ಕಿಕೊಂಡಿತು. ಎರಡು ಪಾಯಿಂಟು. ಹೇಳಲು ಆ ಕಡೆ ನೋಡಿದೆ.

ನನ್ನ ಪಾಳಿ ಮುಗಿಯಲು ಇನ್ನೂ ಎರಡು ದಿನ ಇದೆ.