ಬಾಡಿಗೆಗೆಂದು ಕೊಂಡ ಹೊಳೆ ದಂಡೆಯ ಮನೆ

ತುಂಗೆಯ ದಂಡೆ ಈಗ ಗುರುತೇ ಸಿಗದಷ್ಟು ಚೆಂದವಾಗಿದೆ. ನಾವು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಜಾಗದಲ್ಲಿ ವಾಕಿಂಗ್ ಹಾದಿ, ಬಣ್ಣದ ದೀಪ, ಸೆಲ್ಫಿಗೆಂದೇ ಬರುವ ಜನ. ಅಲ್ಲೇ ಎದ್ದ ಹೊಸ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಫ್ಲ್ಯಾಟು ಕೊಂಡೆವು. ನಮ್ಮ ಯಜಮಾನರಿಗೆ ಅದು ಇನ್ವೆಸ್ಟ್‌ಮೆಂಟು, ನನಗೆ ಮನೆ. ಮದುವೆಯಾಗಿ ವಿನೋಬನಗರಕ್ಕೆ ಬಂದಾಗಿನಿಂದ ಅಡುಗೆಮನೆ ಕಿಟಕಿಯಲ್ಲಿ ಪಕ್ಕದವರ ಕಾಂಪೌಂಡ್ ಗೋಡೆಯನ್ನೇ ನೋಡಿದವಳಿಗೆ, ಹೊಳೆ ನೋಡುತ್ತಾ ಕಾಫಿ ಕುಡಿಯುವ ಆಸೆ ಇರಬಾರದೇ?

"ನೋಡು ಮಾರಾಯ್ತಿ, ಅಪ್ಪ ಕಟ್ಸಿದ ಮನೆ ಬಿಟ್ಟು ಅಮ್ಮ ಬರಲ್ಲ. ಬಾಡಿಗೆಗೆ ಕೊಟ್ಬಿಡಾಣ," ಎಂದರು ಇವರು. ಅತ್ತೆಯನ್ನು ಮುಂದೆ ಮಾಡಿದರೆ ನನ್ನ ಬಾಯಿ ಬಂದ್. ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ ಬಂದು ನೋಡಿ ಒಪ್ಪಿಯೂ ಹೋದರು. ನನಗೆ ಅಳುವೇ ಬಂದಿತ್ತು.

ಬಾಡಿಗೆಗೆ ಕೊಟ್ಟರೂ ಮನೆ ನಮ್ಮದೇ, ಮೊದಲು ನಾವೇ ಹಾಲು ಉಕ್ಕಿಸಬೇಕು ಎಂದು ಅತ್ತೆ ಪಟ್ಟು ಹಿಡಿದರು. ಶ್ರಾವಣದಲ್ಲಿ ದಿನ ಗೊತ್ತಾಯಿತು. ಗಂಗೆ ಪೂಜೆ ಮಾಡಿ ಬಿಂದಿಗೆಯಲ್ಲಿ ನೀರು ತಂದ ಮೇಲೆಯೇ ನಮ್ಮಲ್ಲಿ ಹೊಸ ಮನೆಯ ಹೊಸಿಲು ದಾಟುವುದು. ಎದುರಿಗೇ ಹೊಳೆ ಇರುವಾಗ ಚಿಂತೆ ಏನೆಂದು, ಐದು ಜನ ಮುತ್ತೈದೆಯರು ರೇಷ್ಮೆ ಸೀರೆ ಉಟ್ಟು ಹೊರಟೆವು. ಶ್ರಾವಣದಲ್ಲಿ ತುಂಗೆ ತುಂಬಿ ಹರಿಯುತ್ತಾಳೆ ಎಂಬುದು ಈ ಊರಲ್ಲೇ ಹುಟ್ಟಿ ಬೆಳೆದ ಒಬ್ಬರಿಗೂ ನೆನಪಾಗಲಿಲ್ಲ! ಹೊಳೆಗಿಳಿಯುವ ಮೆಟ್ಟಿಲಿನ ಗೇಟಿಗೆ ಬೀಗ. "ನೀರು ಇಳಿಯೋ ತನಕ ಯಾರನ್ನೂ ಬಿಡಂಗಿಲ್ಲ ಅಕ್ಕೋರೆ," ಎಂದ ಕಾವಲಿನವ.

"ನಲ್ಲೀಲಿ ಬರೋದೂ ತುಂಗೆ ನೀರೇ ಅಲ್ವೇನಮ್ಮ," ಎಂದರು ಇವರು.

"ಅದು ಕಾರ್ಪೊರೇಷನ್ ನೀರು ಕಣೋ," ಎಂದರು ಅತ್ತೆ.

ಭದ್ರೆಯ ದಂಡೆಯ ಹೊಳೆಹೊನ್ನೂರಿನಿಂದ ಇನ್ನೇನು ಹೊರಡಲಿದ್ದ ನಾದಿನಿಗೆ ಫೋನ್ ಹೋಯಿತು. ಅವಳು ಹಾಲಿನ ಕ್ಯಾನಿನಲ್ಲಿ ಭದ್ರೆಯ ನೀರು ತುಂಬಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ತುಂಗೆಯ ಎದುರಿಗೇ ಭದ್ರೆಗೆ ಅರಿಶಿನ ಕುಂಕುಮ ಏರಿಸಿದೆವು. ಹೇಗೂ ಇಬ್ಬರೂ ಕೂಡ್ಲಿಯಲ್ಲಿ ಸೇರುವವರೇ, ಇಲ್ಲಿ ಸ್ವಲ್ಪ ಬೇಗ ಸೇರಿದರು ಎಂದು ಪೂಜೆಗೆ ಬಂದ ಅಯ್ಯನವರು ಸಮಾಧಾನ ಹೇಳಿದರು.

ಊಟವಾದ ಮೇಲೆ ಅತ್ತೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕೆಳಗೆ ಹೊಳೆ ನೋಡಲು ಬಂದ ಜನವೋ ಜನ. "ಆ ಹುಡುಗಿ ನೋಡೇ, ಛತ್ರಿ ಕೈಲಿಟ್ಕೊಂಡೇ ನೆನೀತಿದಾಳೆ! ಅಲ್ಲಿ ಆ ದಪ್ಪನವ್ನು, ವಾಕಿಂಗ್ ಅಂತ ಬಂದು ಬೋಂಡ ತಿಂತಾ ನಿಂತಿದಾನೆ." ವಿನೋಬನಗರದಲ್ಲಿ ಮಧ್ಯಾಹ್ನವೆಲ್ಲ ಟಿವಿಯ ಜೊತೆ ಮಾತಾಡುವ ಅತ್ತೆಗೆ ಅಂದು ಮಲಗುವ ನೆನಪೂ ಆಗಲಿಲ್ಲ.

ಸಂಜೆ ಬ್ಯಾಂಕಿನ ದಂಪತಿ ಮಾತು ಮುಗಿಸಲು ಬಂದರು. ಇವರು ಜೇಬಿನಿಂದ ಕೀ ತೆಗೆದರು. ನೋಡಲಾಗದೆ ನಾನು ಒಳಗೆ ಹೋಗಿ, ಆಗಲೇ ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದೆ. ಆಗ ಅತ್ತೆ ತಿರುಗಿಯೂ ನೋಡದೆ ಬಾಲ್ಕನಿಯಿಂದಲೇ ಕೂಗಿದರು:

"ಲೋ, ಅವರಿಗೆ ವಿನೋಬನಗರದ ಮನೆ ತೋರ್ಸು."