ಒಂದೇ ಉಸಿರಿನ ಸಾಲು

ಸತ್ತವರ ಸದ್ದು ಕೇಳಿತು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಭಾಲ್ಕಿಯಲ್ಲಿ ಮೂವತ್ತೊಂದು ವರ್ಷ ನೀರಿನ ಪಂಪುಗಳ ಫಿಟ್ಟರ್ ಆಗಿದ್ದವನು ನಾನು. ಸದ್ದು ಬಂದರೆ ಅದಕ್ಕೊಂದು ಕಾರಣ ಇರಲೇಬೇಕು. ಬೇರಿಂಗ್ ಸವೆದಿರುತ್ತದೆ, ಇಲ್ಲವೇ ಪೈಪಿನೊಳಗೆ ಗಾಳಿ ಸಿಕ್ಕಿರುತ್ತದೆ. ಹುಡುಕಿದರೆ ಸಿಗುತ್ತದೆ. ಈಗ ಹೇಳಲಿರುವ ಸದ್ದಿಗೆ ಮಾತ್ರ ಹುಡುಕಿ ಸೋತಿದ್ದೇನೆ. ಅದನ್ನು ಹೇಳಬೇಕಾದರೆ ಮೊದಲು ನಾನು ಮಾಡಿದ ಒಂದು ಕೆಲಸವನ್ನು ಹೇಳಬೇಕು. ಅದನ್ನು ಇಲ್ಲಿಯವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿಲ್ಲ.

ನಿವೃತ್ತನಾಗಿ ಬೀದರಿಗೆ ಬಂದ ಮೇಲೆ ಹೊತ್ತು ಹೋಗುತ್ತಿರಲಿಲ್ಲ. ಒಮ್ಮೆ ಮೊಬೈಲಿನಲ್ಲಿ ಯಾವುದೋ ದೇಶದ ಮುದುಕನೊಬ್ಬ ತಗಡಿನ ಪೀಪಿ ಊದುವುದನ್ನು ನೋಡಿದೆ. ಆರು ತೂತು, ಬಾಯಿಯ ಕಡೆ ಒಂದು ಕಟ್ಟಿಗೆಯ ಬಿರಡೆ, ಅಷ್ಟೇ. ಇದನ್ನು ನಾನೂ ಮಾಡಬಲ್ಲೆ ಅನ್ನಿಸಿತು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಸಲಾಕೆಗೆ ಸುತ್ತಿ, ಬೆಸುಗೆ ಹಾಕಿ, ಹತ್ತಾರು ಕೆಡಿಸಿದ ಮೇಲೆ ಒಂದು ನೆಟ್ಟಗೆ ದನಿ ಕೊಟ್ಟಿತು. ಅದರ ಮರ್ಮವೆಲ್ಲ ಬಿರಡೆಗೂ ತಗಡಿಗೂ ನಡುವಿನ ಸಂದಿಯಲ್ಲಿದೆ. ಸಂದಿ ಎರಡು ಲಗ್ನಪತ್ರಿಕೆಯಷ್ಟು ದಪ್ಪವಿದ್ದರೆ ಸಣ್ಣ ಉಸಿರಿಗೂ ಪೀಪಿ ಹಾಡುತ್ತದೆ. ನಾಲ್ಕರಷ್ಟಾದರೆ ಉಸಿರನ್ನೆಲ್ಲ ನುಂಗುತ್ತದೆ. ಗಟ್ಟಿ ಎದೆಯವನಿಗೂ ಅರ್ಧ ಸಾಲಿಗೇ ದಮ್ಮು ಹತ್ತುತ್ತದೆ.

ಮಾಡುವುದು ಬಂದಷ್ಟು ಊದುವುದು ನನಗೆ ಬರಲಿಲ್ಲ. ಎರಡು ವರ್ಷ ಬೆಳಿಗ್ಗೆ ಸಂಜೆ ಊದಿದರೂ ಬೆರಳು ಒಂದು ಕಡೆ, ಉಸಿರು ಒಂದು ಕಡೆ. ಅಷ್ಟರಲ್ಲಿ ನನ್ನ ಹೆಂಡತಿ ನೀಲಮ್ಮನಿಗೆ ಕೊರೊನಾ ಬಂತು. ಬದುಕಿ ಮನೆಗೆ ಬಂದಳು, ಆದರೆ ಎದೆ ಸೋತಿತ್ತು. ದಿನಾ ಏನಾದರೂ ಊದಬೇಕು, ಮಕ್ಕಳ ರಬ್ಬರ್ ಬುಗ್ಗೆಯಾದರೂ ಸರಿ, ಕೊಳಲಾದರೂ ಸರಿ ಎಂದು ಡಾಕ್ಟರು ಹೇಳಿದರು. ನನ್ನ ಮೊದಲ ತಗಡಿನ ಪೀಪಿಯನ್ನು ಅವಳು ಎತ್ತಿಕೊಂಡಳು. ಎರಡೇ ತಿಂಗಳಲ್ಲಿ, ಅವಳ ತವರು ಎಕಂಬಾದಲ್ಲಿ ಅವಳ ತಾಯಿ ಬೀಸುವಾಗ ಹಾಡುತ್ತಿದ್ದ ಹಾಡೊಂದನ್ನು ಊದಿದಳು. ಉದ್ದನೆಯ ಸಾಲು ಅದು, ಒಂದೇ ಉಸಿರಿನಲ್ಲಿ ಮುಗಿಸಬೇಕು. ಅವಳು ಮುಗಿಸಿದಳು. ಎದೆಯೂ ದಿನದಿಂದ ದಿನಕ್ಕೆ ಸುಧಾರಿಸುತ್ತಿತ್ತು.

ನಮ್ಮ ಓಣಿಯಲ್ಲಿ ಸೋಮವಾರ ಸಂಜೆ ಹತ್ತಿಪ್ಪತ್ತು ಜನ ಕೂಡಿ ವಚನ ಹೇಳುತ್ತಾರೆ. ಅಲ್ಲಿ ನಾನು ಊದಿದರೆ ಮಂದಿ ಮಾತಾಡುತ್ತ ಕೂಡುತ್ತಿದ್ದರು. ಒಂದು ಸೋಮವಾರ ನೀಲಮ್ಮ ಊದಿದಳು. ಯಾರೂ ಮಿಸುಕಲಿಲ್ಲ. ಮುಂದಿನ ವಾರದಿಂದ ನನ್ನನ್ನು ಕೇಳುವವರೇ ಇಲ್ಲ. ಎದುರು ಮನೆಯ ಕಿರಾಣಿ ಅಂಗಡಿಯ ಗುರುಪಾದಪ್ಪ ಎಲ್ಲರ ಮುಂದೆ ನಕ್ಕು ಹೇಳಿದ:

"ಮಾಡಾಂವ ನೀನು, ಊದಾಕಿ ಆಕಿ. ಕುಂಬಾರಗ ತಾ ಮಾಡಿದ ಮಡಕ್ಯಾಗ ನೀರು ಕುಡಿಯೋ ನಶೀಬ ಇರಂಗಿಲ್ಲ ನೋಡು."

ನಾನೂ ನಕ್ಕೆ.

ಮರುದಿನ ಒಂದು ಹಿತ್ತಾಳೆ ಕೊಳವೆ ತಂದೆ. ಎಂಟು ದಿನ ಕೂತು ಬಲು ಚೆಂದದ ಪೀಪಿ ಮಾಡಿದೆ. ಮುಖ ಕಾಣುವಂತೆ ತಿಕ್ಕಿ ಹೊಳೆಸಿದೆ. ಕೊನೆಗೆ ಸಣ್ಣ ಕಾನಸಿನಿಂದ, ಅಂದರೆ ಅರದಿಂದ, ಬಿರಡೆಯನ್ನು ಉಜ್ಜಿ ಉಜ್ಜಿ ಸಂದಿಯನ್ನು ದೊಡ್ಡದು ಮಾಡಿದೆ. ಕೈ ತಪ್ಪಿ ಆದದ್ದಲ್ಲ. ನಾಲ್ಕು ಲಗ್ನಪತ್ರಿಕೆ ತೂರಿಸಿ, ಸರಿಯಾಗಿದೆ ಎಂದು ನೋಡಿಕೊಂಡೇ ಕಾನಸು ಕೆಳಗಿಟ್ಟೆ.

"ಹಳೇದಕ್ಕ ತುಕ್ಕು ಹಿಡದದ, ನಿನ್ನ ಎದಿ ಮೊದಲೇ ನಾಜೂಕು, ಅದು ಬಾಯಾಗ ಇಡಬ್ಯಾಡ" ಎಂದು ಹೇಳಿ ತಗಡಿನದನ್ನು ಇಸಿದುಕೊಂಡೆ. ಹೊಸದನ್ನು ಕೈಗಿಟ್ಟೆ. ಅವಳು ಅದನ್ನು ಸೆರಗಿನಿಂದ ಒರೆಸಿ ನೋಡಿದಳು.

"ಲಗ್ನ ಆಗಿ ಮೂವತ್ತಾರು ವರ್ಷ ಆತು. ನಿಮ್ಮ ಕೈಲೆ ನನಗಂತ ಏನರ ಮಾಡಿದ್ದು ಇದೇ ಮೊದಲರಿ" ಎಂದಳು.

ಊದಿದಳು. ಅರ್ಧ ಸಾಲಿಗೆ ಉಸಿರು ಕಡಿಯಿತು. ಮತ್ತೆ ಊದಿದಳು, ಅದೇ ಜಾಗದಲ್ಲಿ ಕಡಿದು ಕೆಮ್ಮು ಬಂತು. "ನನ್ನ ಉಸುರು ಮತ್ತ ಕಮ್ಮಿ ಆಗ್ಯಾದ ಕಾಣ್ತದರಿ" ಎಂದು ನನ್ನ ಮುಖ ನೋಡಿದಳು. ನಾನು ನನ್ನ ಪೀಪಿ ತೆಗೆದುಕೊಂಡು, ಎರಡು ಲಗ್ನಪತ್ರಿಕೆಯ ಸಂದಿಯದು, ಅವಳೆದುರೇ ಆ ಸಾಲನ್ನು ಬೆರಳು ತಪ್ಪಿದರೂ ಒಂದೇ ಉಸಿರಿನಲ್ಲಿ ಮುಗಿಸಿ ತೋರಿಸಿದೆ. "ಪೀಪಿ ಏನ್ ಮಾಡ್ತದ, ಊದಾವರ ಎದ್ಯಾಗ ದಮ್ ಬೇಕು" ಎಂದೆ.

ಹದಿನೈದು ದಿನ ಪ್ರಯತ್ನ ಮಾಡಿದಳು. ಎಕಂಬಾದಲ್ಲೇ ಇರುವ ತಂಗಿ ಶಾಂತಾಳಿಗೆ ಫೋನಿನಲ್ಲಿ ಊದಿ ಕೇಳಿಸುತ್ತಿದ್ದಳು, ಅಲ್ಲಿಯೂ ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳುತ್ತಿದ್ದೆ. ಹೇಳುವುದಕ್ಕೆ ಹದಿನೈದು ದಿನ ಇತ್ತು, ಹೇಳಲಿಲ್ಲ. ಆಮೇಲೆ ಅವಳು ಪೀಪಿಯನ್ನು ತನ್ನ ಹಸಿರು ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಡಾಕ್ಟರು ಹೇಳಿದ್ದ ಉಸಿರಿನ ಅಭ್ಯಾಸವನ್ನೂ ಬಿಟ್ಟಳು. ಹೋಗುವ ಉಸಿರು ಊದಿದರೆ ನಿಲ್ಲುತ್ತದೇನು ಎನ್ನುತ್ತಿದ್ದಳು. ಆ ಚಳಿಗಾಲ ದಾಟಲಿಲ್ಲ. ಡಾಕ್ಟರು ಬರೆದುಕೊಟ್ಟ ಕಾರಣ ಬೇರೆ. ನನಗೆ ಗೊತ್ತಿರುವುದು ಬೇರೆ.

ಮೇ ತಿಂಗಳಲ್ಲಿ ಅವಳ ಸೀರೆಗಳನ್ನು ಶಾಂತಾಳಿಗೆ ಕೊಡಲೆಂದು ಟ್ರಂಕಿಗೆ ಬೀಗ ಹಾಕಿಕೊಂಡು ಔರಾದ್ ಬಸ್ಸು ಹತ್ತಿದೆ. ಅಲ್ಲಿಂದ ಆಟೋದಲ್ಲಿ ಎಕಂಬಾ. ಊಟವಾಗಿತ್ತು, ಮಧ್ಯಾಹ್ನ ಎರಡರ ಬಿಸಿಲು. ಟ್ರಂಕು ಒಳಕೋಣೆಯಲ್ಲಿ ಜೋಳದ ಚೀಲಗಳ ಪಕ್ಕ ಇತ್ತು, ಬೀಗದ ಕೈ ನನ್ನ ಉಡದಾರದಲ್ಲಿತ್ತು. ಶಾಂತಾ ಅಂಗಳದ ಚಪ್ಪರದಡಿ ಕಾಳು ಹಸನು ಮಾಡುತ್ತಿದ್ದಳು. ಮನೆಯಲ್ಲಿ ಮತ್ತೆ ಯಾರೂ ಇರಲಿಲ್ಲ. ನಾನು ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದೆ, ಮಲಗಿರಲಿಲ್ಲ.

ಒಳಕೋಣೆಯಿಂದ ಪೀಪಿಯ ದನಿ ಬಂತು. ಅದೇ ಹಾಡು. ಅರ್ಧ ಸಾಲಿಗೆ ಕಡಿಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಬಂತು, ಅದೇ ಜಾಗದಲ್ಲಿ ಕಡಿಯಿತು. ಮೂರನೆಯ ಸಲ ಕಡಿಯಲಿಲ್ಲ. ನಿಧಾನವಾಗಿ, ಎಲ್ಲಿಯೂ ನಡುಗದೆ, ಸಾಲು ಕೊನೆಯವರೆಗೆ ಹೋಗಿ ನಿಂತಿತು. ಉಡದಾರ ಮುಟ್ಟಿ ನೋಡಿಕೊಂಡೆ, ಬೀಗದ ಕೈ ಅಲ್ಲೇ ಇತ್ತು.

ಶಾಂತಾ ಮೊರ ಹಿಡಿದುಕೊಂಡೇ ಹೊಸ್ತಿಲಿಗೆ ಬಂದಳು.

"ಏನ್ರಿ ದಾಜಿ, ಅಕ್ಕ ಹೋಗಿ ವರ್ಷ ತುಂಬಿಲ್ಲ, ಇಲ್ಲಿ ತನಕ ಪೀಪಿ ತಂದೀರಿ?"

ಅಕ್ಕನ ಗಂಡನೆಂದು ಶಾಂತಾ ನನ್ನನ್ನು ದಾಜಿ ಎನ್ನುತ್ತಾಳೆ. ಅವಳು ಹೊಸ್ತಿಲ ಮೇಲೆ ಕೂತಳು.

"ಹೋಗ್ಲಿ ಬಿಡ್ರಿ, ಛಂದ ಊದಿದ್ರಿ. ನಮ್ಮ ಅವ್ವನ ಬೀಸೋ ಹಾಡು ಅದು. ಅಕ್ಕ ಫೋನಿನ್ಯಾಗ ಊದ್ತಿದ್ಲು, ನಡಕ ದಮ್ ಹತ್ತತಿತ್ತು, ಒಂದ್ ಸಲನೂ ಮುಗಸ್ಲಿಲ್ಲ. ನೀವು ಎರಡ್ ಸಲ ತಪ್ಪಿದ್ರೂ ಬಿಡಲಿಲ್ಲ ನೋಡ್ರಿ, ಮೂರನೇದಕ್ಕ ಮುಗಿಸೇ ಬಿಟ್ರಿ. ಅಕ್ಕಗ ಧೈರ್ಯ ಸಾಲಲಿಲ್ರಿ ದಾಜಿ. ಮತ್ತೇನಿಲ್ಲ."

ಅದು ನಾನಲ್ಲ ಎನ್ನಬಹುದಿತ್ತು. ನನ್ನ ಎರಡೂ ಕೈ ಖಾಲಿ ಇದ್ದವು, ಬಿಸಿಲಿನಿಂದ ಬಂದ ಅವಳು ಅದನ್ನು ಗಮನಿಸಿರಲಿಲ್ಲ. ನಾನು "ಹೂಂ" ಎಂದೆ.

ಅವಳು ಅಂಗಳಕ್ಕೆ ಹೋದ ಮೇಲೆ ಬೀಗ ತೆಗೆದೆ. ಪೀಪಿ ಹಸಿರು ಸೀರೆಯೊಳಗೆ ಸುತ್ತಿದಂತೆಯೇ ಇತ್ತು. ಊದಿದ ಪೀಪಿಯೊಳಗೆ ಉಸಿರು ನೀರಾಗಿ ನಿಲ್ಲುತ್ತದೆ. ಊದುವವರೆಲ್ಲ ಕೊನೆಗೆ ಅದನ್ನು ಜಾಡಿಸುತ್ತಾರೆ. ರೂಢಿಯಂತೆ ಜಾಡಿಸಿದೆ. ನೆಲದ ಪರಸಿ ಕಲ್ಲಿನ ಮೇಲೆ ಮೂರು ಹನಿ ಬಿದ್ದವು. ಮೇ ತಿಂಗಳಲ್ಲಿ ಹಿತ್ತಾಳೆ ಬೆಚ್ಚಗಿರುವುದು ದೊಡ್ಡ ಮಾತಲ್ಲ. ಆದರೆ ನೀರು? ಅದನ್ನು ಸುತ್ತಿದ್ದ ಸೀರೆ ಒಣಗಿ ಗರಿಗರಿಯಾಗಿತ್ತು.

ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಹಳೆಯ ಲಗ್ನಪತ್ರಿಕೆ ಹರಿದು ಸಂದಿಯನ್ನು ಅಳೆದೆ. ನಾಲ್ಕು ತುಂಡು ಹಿಡಿದವು. ನನ್ನ ಕಾನಸಿನ ಗೀರುಗಳು ಹಾಗೆಯೇ ಇದ್ದವು. ಬೀದರಿಗೆ ಬಂದ ಮೇಲೆ ಬಾಗಿಲು ಹಾಕಿಕೊಂಡು ಅದರಲ್ಲಿ ಆ ಸಾಲನ್ನು ಊದಿ ನೋಡಿದೆ. ಒಂದು ಸಲವಲ್ಲ, ಎಷ್ಟೋ ದಿನ. ಅವಳಿಗೆ ಎಲ್ಲಿ ಕಡಿಯುತ್ತಿತ್ತೋ ಅಲ್ಲಿಯೇ ನನಗೂ ಕಡಿಯುತ್ತದೆ. ಆ ಪೀಪಿಯಲ್ಲಿ ಆ ಸಾಲು ಮುಗಿಯಲಾರದು. ಮುಗಿಯಬಾರದೆಂದೇ ಅಳತೆ ಹಿಡಿದು ಮಾಡಿದವನು ನಾನು.

ಕನಸು ಎನ್ನೋಣವೆಂದರೆ ಶಾಂತಾಳೂ ಕೇಳಿದ್ದಾಳೆ. ಬೇರೆ ಯಾರೋ ಊದಿದರು ಎನ್ನೋಣವೆಂದರೆ ಆ ಊರಲ್ಲಿ ಪೀಪಿ ಹಿಡಿದವರಿಲ್ಲ, ಆ ಹಾಡು ಬಲ್ಲವಳು ಅಲ್ಲಿ ಶಾಂತಾ ಒಬ್ಬಳೇ ಉಳಿದಿದ್ದಾಳೆ, ಅವಳು ಅಂಗಳದಲ್ಲಿದ್ದಳು.

ಶಾಂತಾ ಈಗಲೂ ಬಂದವರ ಮುಂದೆ ನಮ್ಮ ದಾಜಿ ಅವ್ವನ ಹಾಡನ್ನು ಒಂದೇ ಉಸಿರಿನಲ್ಲಿ ಊದುತ್ತಾರೆ ಎಂದು ಹೇಳುತ್ತಾಳೆ, ಜೊತೆಗೆ ಅಕ್ಕನಿಗೆ ಧೈರ್ಯವಿರಲಿಲ್ಲ ಎಂದೂ ಸೇರಿಸುತ್ತಾಳೆ. ಹಲ್ಲು ಬಿದ್ದಿವೆ, ಈಗ ಆಗುವುದಿಲ್ಲ ಎಂದು ನಾನು ತಪ್ಪಿಸಿಕೊಳ್ಳುತ್ತೇನೆ. ಇದನ್ನೆಲ್ಲ ಬರೆದ ಈ ಕಾಗದವನ್ನು ಮೊದಲು ಅವಳಿಗೇ ಓದಲು ಕೊಡಬೇಕೆಂದಿದ್ದೇನೆ. ಓದಿ ಮುಗಿಸಿ, ನನ್ನನ್ನು ಬಯ್ದಾದ ಮೇಲೆ, ಹಾಗಾದರೆ ಅವತ್ತು ಊದಿದ್ದು ಯಾರು ಎಂದು ಕೇಳಿಯೇ ಕೇಳುತ್ತಾಳೆ. ನಾನಲ್ಲ ಎಂಬುದಷ್ಟೇ ನನಗೆ ಗೊತ್ತು.